ಮಾಂಗಾದ ಗಟ್ಟಿಗಿತ್ತಿಯರಿಗೆ ರಟ್ಟೆ ಯಾಕಿಲ್ಲ?

ಅರ್ಧಸಂಪುಟ ಕೇಳಿದ್ದು:

ಗೆಳೆಯನೊಬ್ಬನ ಜೊತೆ ಜೋರು ವಾದ ಆಯ್ತು. ಅವನು ಹೇಳೋದು ಇಷ್ಟೇ: ಮಾಂಗಾದಲ್ಲಿ, ಅಂದ್ರೆ ಜಪಾನಿನ ಕಾಮಿಕ್ಸ್‌ನಲ್ಲಿ, ಹೆಂಗಸರು ಗಂಡಸರನ್ನ ಎತ್ತಿ ಒಗೆಯೋದೆಲ್ಲ ಸುಳ್ಳು, ಸ್ತ್ರೀವಾದಿಗಳನ್ನ ಮೆಚ್ಚಿಸೋಕೆ ತುರುಕಿದ್ದು. ನಾನು ಕೇಳಿದೆ, ಮನೆಗಿಂತ ಎತ್ತರದ ಟೈಟನ್ ಜನರನ್ನು ಕಚ್ಚಿ ತಿನ್ನೋದನ್ನ ನಂಬ್ತೀಯ, ಅದರ ಕುತ್ತಿಗೆ ಕಡಿಯೋ ಹುಡುಗಿಯನ್ನ ಮಾತ್ರ ನಂಬೋಕಾಗಲ್ವಾ ಅಂತ. ಅವನ ಬಾಯಿ ಕಟ್ಟಿತು. ಆದರೆ ನಿಜ ಹೇಳಬೇಕಂದ್ರೆ ನನಗೇ ಆ ಉತ್ತರ ಸಾಕಾಗಲಿಲ್ಲ.

ಯಾಕಂದ್ರೆ ನನಗೂ ಒಂದು ಕಿರಿಕಿರಿ ಇದೆ. ಇಸಾಯಾಮಾ ಅವರ 'ಅಟ್ಯಾಕ್ ಆನ್ ಟೈಟನ್' (2009–2021) ತೆಗೆದುಕೊಳ್ಳಿ. ಅದರಲ್ಲಿ ಟೈಟನ್‌ಗಳ ಜೊತೆ ಹೋರಾಡುವ ಹುಡುಗಿ ಮಿಕಾಸಾಳ ಎತ್ತರ 170 ಸೆಂ.ಮೀ., ತೂಕ 68 ಕೆಜಿ ಅಂತ ಅಧಿಕೃತವಾಗಿಯೇ ಕೊಟ್ಟಿದ್ದಾರೆ. ನಾಯಕ ಎರೆನ್ ಕೂಡ 170 ಸೆಂ.ಮೀ., ಆದರೆ 63 ಕೆಜಿ. ಅವಳೇ ಅವನಿಗಿಂತ 5 ಕೆಜಿ ಜಾಸ್ತಿ! ಹೊಟ್ಟೆ ಮೇಲೆ ಸ್ನಾಯುವಿನ ಗೆರೆಗಳೂ ಇವೆ. ಓದುವಾಗ ಖುಷಿಯಾಗಿತ್ತು. ಇನ್ನೊಂದು ಕಡೆ 'ಸ್ಪೈ × ಫ್ಯಾಮಿಲಿ'ಯ ಯೋರ್ ಇದ್ದಾಳೆ. ನುಗ್ಗಿ ಬರುವ ದನವನ್ನು ಬೆರಳಿನಿಂದ ಮರ್ಮಸ್ಥಾನಕ್ಕೆ ಹೊಡೆದು ಬೀಳಿಸುತ್ತಾಳೆ. ತೋಳು ನೋಡಿದರೆ ಪುಟದ ಮೇಲೆ ಎರಡು ಗೆರೆ, ಅಷ್ಟೇ.

ನನ್ನ ಪ್ರಶ್ನೆ ಇದು. ಬಲಶಾಲಿ ಹೆಂಗಸನ್ನು ನಂಬುವ ಹಾಗೆ ಬರೆಯೋದು ಅಂದ್ರೆ ಏನು? ರಟ್ಟೆ ತೋರಿಸಿದರೆ ಆಯ್ತಾ? ಇಲ್ಲಾ, "ರಟ್ಟೆ ತೋರಿಸು" ಅನ್ನೋದೂ ಹೆಣ್ಣಿನ ಮೈ ಹೇಗಿರಬೇಕು ಅನ್ನೋ ಇನ್ನೊಂದು ಅಪ್ಪಣೆನಾ? ತಿಳಿದವರು ಹೇಳಿ. ಓದೋಕೆ ಒಳ್ಳೇದು ಇದ್ದರೆ ಅದನ್ನೂ ಹೇಳಿ.

---

ಭಾರದವಳು ಉತ್ತರಿಸಿದ್ದು:

ನಾನು ವೇಟ್‌ಲಿಫ್ಟಿಂಗ್ ಮಾಡುವವಳು. ಕನ್ನಡಿ ಮುಂದೆ ನಿಂತು ಡಂಬೆಲ್ ಆಡಿಸೋದಲ್ಲ. ನೆಲದಲ್ಲಿರುವ ಬಾರನ್ನು ತಲೆ ಮೇಲೆ ಎತ್ತಿ ನಿಲ್ಲಿಸುವ ಆಟ. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಹೋಗೋಕೆ ಆಗಲಿಲ್ಲ. ಉದ್ದ ಆದರೆ ಬೈಯಬೇಡಿ.

ಮೊದಲು ಗೆರೆಗಳ ವಿಷಯ. ಹೊಟ್ಟೆ ಮೇಲೆ ಗೆರೆ ಕಾಣೋದು ಚರ್ಮದ ಕೆಳಗೆ ಕೊಬ್ಬು ಕಡಿಮೆ ಇದ್ದಾಗ. ಅದು ಬಲದ ಅಳತೆ ಅಲ್ಲ. ಜಪಾನಿನ ಹಿರೋಮಿ ಮಿಯಾಕೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 48 ಕೆಜಿ ವರ್ಗದಲ್ಲಿ ಬೆಳ್ಳಿ ಗೆದ್ದರು. ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಸಲಕ್ಕೆ ತಲೆ ಮೇಲೆ) 87 ಕೆಜಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ) 110 ಕೆಜಿ. ತಮ್ಮ ಮೈತೂಕದ ಎರಡರಷ್ಟಕ್ಕಿಂತ ಜಾಸ್ತಿ! ಎತ್ತರ ಒಂದೂವರೆ ಮೀಟರೂ ಇಲ್ಲ. ತುಂಬು ತೋಳಿನ ಅಂಗಿ ಹಾಕಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ನಿಮಗೆ ಗೊತ್ತಾಗಲ್ಲ. ಇನ್ನೊಂದು ತುದಿಯಲ್ಲಿ ಚೀನಾದ ಲೀ ವೆನ್‌ವೆನ್. 2020ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 140 ಮತ್ತು 180, ಒಟ್ಟು 320 ಕೆಜಿ ಎತ್ತಿ ಚಿನ್ನ ಗೆದ್ದರು. ದಪ್ಪ ಸೊಂಟ, ದಪ್ಪ ತೊಡೆ, ದುಂಡು ಮುಖ. ಮಾಂಗಾದವರು ಇಂಥ ಮೈಯನ್ನು ಬರೆದರೆ ಹೆಚ್ಚಿನ ಸಲ ಹಾಸ್ಯದ ಪಾತ್ರಕ್ಕೆ ಮಾತ್ರ.

ಅದಕ್ಕೇ ಮಿಕಾಸಾಳ ಹೊಟ್ಟೆಯ ಗೆರೆಗಿಂತ ಆ 68 ಅನ್ನೋ ಅಂಕಿ ನನಗೆ ಇಷ್ಟ. ಸ್ನಾಯು ಅಂದ್ರೆ ತೂಕ. ಬಲಶಾಲಿ ಹುಡುಗಿಗೆ 45 ಕೆಜಿ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಇವರು ಹಾಗೆ ಮಾಡಲಿಲ್ಲ.

ನಾನು ಮಾಂಗಾದಲ್ಲಿ ಹೊಡೆದಾಟ ಬಂದಾಗ ಮೊದಲು ನೋಡೋದು ಪಾದ. ಆಮೇಲೆ ಸೊಂಟ. ಭಾರ ಎತ್ತುವವರಿಗೆ ಗೊತ್ತು, ಬಲ ಬರೋದು ನೆಲದಿಂದ. ಹಿಮ್ಮಡಿ ಊರದೆ ಏನೂ ಏಳಲ್ಲ. ಎಷ್ಟೋ ಮಾಂಗಾಗಳಲ್ಲಿ ಹುಡುಗಿ ಎತ್ತರದ ಹೀಲ್ಸ್ ಹಾಕಿಕೊಂಡು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದೇ ಕಾಲಲ್ಲಿ ನಿಂತು ಗುದ್ದುತ್ತಾಳೆ. ಆ ಭಂಗಿ ಗುದ್ದೋದಕ್ಕೆ ಬಂದದ್ದಲ್ಲ. ನೋಡುವವರಿಗೆ ಎದೆ, ಹಿಂಭಾಗ ಎರಡೂ ಒಟ್ಟಿಗೆ ಕಾಣಲಿ ಅಂತ ಬಂದದ್ದು. ತೆಳ್ಳನೆ ತೋಳಿಗಿಂತ ನನಗೆ ಇದು ಜಾಸ್ತಿ ಸಿಟ್ಟು ತರಿಸುತ್ತೆ.

ಸರಿಯಾಗಿ ಮಾಡಿದ್ದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನವೋಕಿ ಉರಸಾವಾ ಅವರ 'ಯವಾರಾ!'. 1986ರಲ್ಲಿ ಶುರುವಾಗಿ 1993ರಲ್ಲಿ ಮುಗಿದದ್ದು, 29 ಸಂಪುಟ. ಜೂಡೋ ಆಡುವ ಯವಾರಾ ಅನ್ನೋ ಪುಟ್ಟ ಹುಡುಗಿಯ ಕಥೆ. ಅವಳು ಸೆಓಯಿನಾಗೆ (ಎದುರಾಳಿಯನ್ನು ಬೆನ್ನ ಮೇಲಿಂದ ಎಸೆಯುವ ಪಟ್ಟು) ಹಾಕುವಾಗ ಏನು ನಡೆಯುತ್ತೆ ನೋಡಿ. ಎದುರಾಳಿಯ ತೋಳಿನ ಬಟ್ಟೆ ಎಳೆದು ಮೊದಲು ಅವರ ತೂಕವನ್ನು ಕಾಲ್ಬೆರಳ ಮೇಲೆ ತರಬೇಕು. ಆಮೇಲೆ ಬೆನ್ನು ಕೊಟ್ಟು ತಿರುಗಿ, ಅವರ ಸೊಂಟಕ್ಕಿಂತ ಕೆಳಗೆ ಇಳಿಯಬೇಕು. ಕೊನೆಗೆ ಮಂಡಿ ನೇರ ಮಾಡಬೇಕು. ಎತ್ತುವುದು ತೋಳಲ್ಲ, ತೊಡೆ. ಗಿಡ್ಡ ಇರೋದು ಇಲ್ಲಿ ಲಾಭ, ಕೆಳಗೆ ನುಗ್ಗೋಕೆ ಜಾಸ್ತಿ ಇಳಿಯಬೇಕಿಲ್ಲ. ಅವಳು ತೂಕದ ಮಿತಿ ಇಲ್ಲದ ವರ್ಗದಲ್ಲೂ ಗೆಲ್ಲೋದು ಕಥೆಗಾರ ತೆಗೆದುಕೊಂಡ ಸಲುಗೆ, ಒಪ್ಪೋಣ. ಆದರೆ ಹೇಗೆ ಗೆದ್ದಳು ಅನ್ನೋದು ಕಣ್ಣಿಗೆ ಕಾಣುತ್ತೆ.

ಇನ್ನೂ ಒಂದು ವಿಷಯ. ಆ ಮಾಂಗಾ ಶುರುವಾದಾಗ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಜೂಡೋ ಇರಲೇ ಇಲ್ಲ. 1988ರ ಸೋಲ್‌ನಲ್ಲಿ ಪ್ರದರ್ಶನಕ್ಕೆ ಇಟ್ಟರು, ಪದಕದ ಆಟ ಆಗಿದ್ದು 1992ರ ಬಾರ್ಸಿಲೋನಾದಲ್ಲಿ. ಅಲ್ಲಿ 48 ಕೆಜಿ ವರ್ಗದಲ್ಲಿ ಬೆಳ್ಳಿ ಗೆದ್ದ ರ್‍ಯೋಕೋ ತಮುರಾ ಅವರಿಗೆ ಜನ ಇಟ್ಟ ಅಡ್ಡಹೆಸರೇ 'ಯವಾರಾ-ಚಾನ್'. ಮುಂದೆ 2000 ಮತ್ತು 2004ರಲ್ಲಿ ಚಿನ್ನವನ್ನೂ ಗೆದ್ದರು. ನಿಮ್ಮ ಗೆಳೆಯ "ಸುಳ್ಳು" ಅಂದಿದ್ದು ಇದಕ್ಕೇ ಅಲ್ವಾ?

ಅವನ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಮುಚ್ಚಿಡೋದು ಬೇಡ. ಸರಾಸರಿ ಲೆಕ್ಕದಲ್ಲಿ ಹೆಂಗಸರ ತೋಳು ಮತ್ತು ಎದೆಯ ಬಲ ಗಂಡಸರ ಬಲದ 50ರಿಂದ 60 ಶೇಕಡಾ. ಕಾಲಿನಲ್ಲಿ ಅಂತರ ಅದಕ್ಕಿಂತ ಕಡಿಮೆ. ಸ್ನಾಯುವಿನ ಗುಣದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಅಷ್ಟೇ ದಪ್ಪದ ಸ್ನಾಯು ಹೆಚ್ಚುಕಮ್ಮಿ ಅಷ್ಟೇ ಬಲ ಕೊಡುತ್ತೆ. ಆದರೆ ಪ್ರಾಯಕ್ಕೆ ಬಂದ ಮೇಲೆ ಟೆಸ್ಟೋಸ್ಟೆರೋನ್‌ನಿಂದ ಗಂಡಸರಿಗೆ ಸ್ನಾಯು ಜಾಸ್ತಿ ಕೂಡುತ್ತೆ. ತೂಕದ ವರ್ಗ, ಹೆಂಗಸರ ವರ್ಗ ಅಂತ ಸುಮ್ನೆ ಮಾಡಿಲ್ಲ. ಇದನ್ನು ತಿಳಿದ ಕಲಾವಿದರು ಹುಡುಗಿಗೆ ಒದೆತ, ಎಸೆತ, ಹಿಡಿತ ಕೊಡುತ್ತಾರೆ. ತಿಳಿಯದವರು ಪಂಜ ಕುಸ್ತಿ ಆಡಿಸುತ್ತಾರೆ.

ಈಗ ನಾನು ಹೇಳಬೇಕಾದ ಅಸಲು ಮಾತು. ಗೆಳೆಯನ ಥರದವರು ನಿಜಜೀವನಕ್ಕೆ ಹೋಲಬೇಕು ಅಂದಾಗ ಹೊಡೆತದ ಲೆಕ್ಕ ಮಾತ್ರ ಕೇಳುತ್ತಾರೆ. ಯಾರು ಯಾರನ್ನ ಬೀಳಿಸಬಹುದು, ಎಷ್ಟು ಕೆಜಿ, ಅಷ್ಟೇ. ಬಲ ಇರುವವಳು ಆ ಮೈಯನ್ನು ಹೊತ್ತುಕೊಂಡು ಹೇಗೆ ಬದುಕುತ್ತಾಳೆ ಅನ್ನೋದು ಅವರ ಲೆಕ್ಕಕ್ಕೆ ಬರೋದೇ ಇಲ್ಲ.

'ಹಂಟರ್ × ಹಂಟರ್'ನ ಬಿಸ್ಕೆ ನೆನಪಿದೆಯಾ? ನೆರಿಗೆಯ ಗೌನ್ ಹಾಕಿದ ಪುಟ್ಟ ಹುಡುಗಿ. ನಿಜವಾದ ವಯಸ್ಸು 57. ನಿಜವಾದ ಮೈ ಸ್ನಾಯುವಿನ ಗುಡ್ಡ. ಆ ರೂಪ ಯಾರಿಗೂ ತೋರಿಸೋಕೆ ಅವಳಿಗೇ ಇಷ್ಟ ಇಲ್ಲ. ಅದನ್ನು ಬರೆದ ಟೊಗಾಶಿ ತಮಾಷೆಗೆ ಬರೆದಿದ್ದಾರೆ, ನಾನೂ ನಕ್ಕಿದ್ದೇನೆ. ಆದರೆ ನೋಡಿ, ಈ ತಮಾಷೆ ನಿಂತಿರೋದು ಎಲ್ಲಿ? ಬಲ ಇರಲಿ, ಬಲ ಕೊಟ್ಟ ಮೈ ಮಾತ್ರ ಕಾಣಬಾರದು ಅನ್ನೋದರ ಮೇಲೆ.

ಅದು ನಮಗೆ ದಿನಾ ಗೊತ್ತಿರೋದೇ. ಬಾರನ್ನು ಭುಜದ ಮೇಲೆ ತಂದು ನಿಲ್ಲಿಸಿದಾಗ ಅದರ ಒರಟು ಮೈ ಕಾಲರ್ ಮೂಳೆಗೆ ಉಜ್ಜುತ್ತೆ. ಅಲ್ಲಿ ಕಂದು ಬಣ್ಣದ ಉದ್ದ ಗುರುತು ಉಳಿದುಬಿಡುತ್ತೆ. ನನ್ನನ್ನು ಕಂಡವರು ಮೊದಲು ಕೇಳೋದು, "ಇದು ಹೋಗಲ್ವಾ?" ಎಷ್ಟು ಎತ್ತುತ್ತೀಯ ಅಂತ ಯಾರೂ ಕೇಳಲ್ಲ. ತೊಡೆಗೆ ಸರಿಯಾದ ಪ್ಯಾಂಟ್ ತಗೊಂಡರೆ ಸೊಂಟದಲ್ಲಿ ಇನ್ನೊಬ್ಬರು ತೂರಬಹುದು. ಗುಂಪಿನ ಫೋಟೋದಲ್ಲಿ ಭುಜ ಒಳಗೆಳೆದು ಸ್ವಲ್ಪ ಓರೆಯಾಗಿ ನಿಲ್ಲೋದು ಈಗ ತಾನಾಗೇ ಬರುತ್ತೆ, ಯಾರೂ ಹೇಳಿಕೊಟ್ಟಿಲ್ಲ. ಈ ಲೆಕ್ಕದಲ್ಲಿ ನೋಡಿದರೆ ಶೋನೆನ್ (ಹುಡುಗರ ಪತ್ರಿಕೆಯ) ಮಾಂಗಾದ ಎಲ್ಲ ಗಟ್ಟಿಗಿತ್ತಿಯರಲ್ಲಿ ನಿಜಕ್ಕೆ ಹತ್ತಿರ ಇರೋಳು ಬಿಸ್ಕೆ. ಯೋರ್ ಅಲ್ಲ, ಮಿಕಾಸಾನೂ ಅಲ್ಲ.

---

ಮೂರನೇಸಾಲು ಉತ್ತರಿಸಿದ್ದು:

ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದರೆ ಪೂರ್ತಿ ಒಪ್ಪಲ್ಲ.

ತೆಳ್ಳನೆ ತೋಳು ಹೆಂಗಸರಿಗೆ ಮಾತ್ರ ಅಲ್ಲ. 'ಅಟ್ಯಾಕ್ ಆನ್ ಟೈಟನ್'ನ ಲೀವೈ 160 ಸೆಂ.ಮೀ. ಬಟ್ಟೆ ಹಾಕಿದಾಗ ಅವನೂ ತೆಳ್ಳಗೇ ಕಾಣ್ತಾನೆ. ಇಡೀ ಸೈನ್ಯದಲ್ಲಿ ಅವನೇ ಬಲಶಾಲಿ ಅಂದ್ರೆ ಯಾರೂ ಪ್ರಶ್ನೆ ಮಾಡಲ್ಲ. ಆಮೇಲೆ ಅವನಿಗೂ ಮಿಕಾಸಾಗೂ ಒಂದೇ ಕಾರಣ ಕೊಟ್ಟಿದ್ದಾರೆ, ಅಕರ್ಮನ್ ಅನ್ನೋ ಮನೆತನದ ರಕ್ತ. ಸಣ್ಣ ಮೈಯಲ್ಲಿ ದೊಡ್ಡ ಬಲ ತುಂಬೋದು ಶೋನೆನ್‌ನ ಹಳೇ ಚಟ. ಅದಕ್ಕೆ ಗಂಡು ಹೆಣ್ಣು ಅಂತಿಲ್ಲ.

ನನಗೆ ಕಾಣುವ ತೊಂದರೆ ಬೇರೆ. ('ಜುಜುತ್ಸು ಕೈಸೆನ್' ಓದದವರು ಈ ಪ್ಯಾರಾ ಬಿಟ್ಟುಬಿಡಿ.) ಮಾಕಿ ಆ ಕಥೆಯಲ್ಲಿ ನನ್ನ ಮೆಚ್ಚಿನ ಪಾತ್ರ. ಮಂತ್ರಶಕ್ತಿ ಇಲ್ಲದೆ ಹುಟ್ಟಿದ್ದಕ್ಕೆ ಮನೆಯವರೇ ಅವಳನ್ನ ಕೀಳಾಗಿ ನೋಡ್ತಾರೆ. ಅವಳು ಮೈಬಲ, ಆಯುಧ ನಂಬಿ ಬೆಳೆಯುತ್ತಾಳೆ. ಅಲ್ಲಿಯವರೆಗೆ ಬಹಳ ಚೆನ್ನಾಗಿದೆ. ಆದರೆ ಅವಳಿಗೆ ಪೂರ್ತಿ ಬಲ ಸಿಗಬೇಕಾದರೆ ಅವಳಿ ತಂಗಿ ಮಾಯಿ ಸಾಯಬೇಕು. ಒಬ್ಬ ಹೆಣ್ಣು ಗಟ್ಟಿ ಆಗೋಕೆ ಇನ್ನೊಬ್ಬ ಹೆಣ್ಣನ್ನ ಕೊಟ್ಟರು. ಅದೇ ಬಲ ಮೊದಲಿಂದಲೇ ಇದ್ದ, ಅದೇ ಮನೆತನದ ಗಂಡಸು ತೋಜಿಗೆ ಇಂಥ ಬೆಲೆ ಏನೂ ಬರೆದಿಲ್ಲ. ನನಗೆ ಅಲ್ಲಿ ಕಥೆ ಹಿಡಿಸಿತು, ಆದರೆ ಅದನ್ನ ಸ್ತ್ರೀವಾದಿ ಮಾಂಗಾ ಅಂತ ಹೊಗಳೋರ ಜೊತೆ ನಾನಿಲ್ಲ.

---

ಕರಿಮಸಿ ಉತ್ತರಿಸಿದ್ದು:

ಚಿತ್ರ ಬರೆಯುವವನಾಗಿ ಎರಡು ಮಾತು.

ವಾರಕ್ಕೊಂದು ಅಧ್ಯಾಯ ಅಂದ್ರೆ ಹತ್ತೊಂಬತ್ತು ಪುಟದ ಆಸುಪಾಸು. ಪ್ರತಿ ಚೌಕದಲ್ಲೂ ಭುಜದ ಸ್ನಾಯು ಸರಿಯಾಗಿ ಬರೆಯೋಕೆ ಕೂತರೆ ಕೆಲಸ ಮುಗಿಯಲ್ಲ. ತೆಳ್ಳನೆ ತೋಳು ಬೇಗ ಆಗುತ್ತೆ. ಇದು ನೆಪ ಅನ್ನಿಸಬಹುದು. ಆದರೆ ಅದೇ ಕಲಾವಿದರು ಗಂಡು ಖಳನ ಬೆನ್ನು ಬರೆಯೋವಾಗ ಗಂಟೆಗಟ್ಟಲೆ ಸಮಯ ಕೊಡುತ್ತಾರೆ ಅನ್ನೋದೂ ನಿಜ. ಹಾಗಾಗಿ ಪೂರ್ತಿ ನೆಪಾನೇ ಇರಬಹುದು.

ಕ್ಯೂ ಹಯಾಶಿದಾ ಅವರ 'ಡೊರೊಹೆಡೊರೊ' (2000–2018) ನೋಡಿ. ಬರೆದವರು ಹೆಂಗಸು. ಅದರಲ್ಲಿ ನೋಯಿ ಅಂತ ಒಬ್ಬಳು. ಮುಖವಾಡ ಹಾಕಿದಾಗ ಭಾರೀ ಗಂಡಸು ಅಂದುಕೊಳ್ಳುತ್ತೀರಿ. ಮುಖವಾಡ ತೆಗೆದರೆ ನಗುನಗುತ್ತಾ ಇರೋ ಹೆಂಗಸು. ಜೊತೆಗಾರ ಶಿನ್‌ಗಿಂತ ಎತ್ತರ, ಅಗಲ. ಇಡೀ ಕಥೆಯಲ್ಲಿ ಯಾರೂ ಅವಳ ಮೈಯನ್ನ ಕುಂದು ಅಂತ ನೋಡಲ್ಲ, ಅವಳಿಗೂ ಮುಚ್ಚಿಡೋ ಚಿಂತೆ ಇಲ್ಲ. ಅವಳ ಚಿತ್ರ ನಕಲು ಮಾಡೋಕೆ ಕೂತಾಗ ನನಗೆ ಗೊತ್ತಾಗಿದ್ದು ಕುತ್ತಿಗೆಯ ಗುಟ್ಟು. ಬಲಶಾಲಿ ಹುಡುಗಿ ಬರೆಯುವವರು ತೋಳು ಉಬ್ಬಿಸಿ, ಕುತ್ತಿಗೆ ಮಾತ್ರ ತೆಳ್ಳಗೆ ಬಿಡುತ್ತಾರೆ. ಮುಖ ಚೆಂದ ಕಾಣಲಿ ಅಂತ. ಆಗ ತೋಳು ಬೇರೆ ಯಾರದ್ದೋ ತಂದು ಅಂಟಿಸಿದ ಹಾಗೆ ಆಗುತ್ತೆ. ನೋಯಿಗೆ ಕಿವಿಯ ಕೆಳಗಿನಿಂದ ಭುಜದವರೆಗೆ ಇಳಿಜಾರು ಇದೆ. ಆ ಒಂದು ಗೆರೆ ಸರಿ ಬಂದರೆ ಅರ್ಧ ಕೆಲಸ ಆಯ್ತು.

ಹಿರೋಮು ಅರಕಾವಾ ಅವರನ್ನೂ ಸೇರಿಸಿ. ಹೊಕ್ಕೈಡೋದ ಹೈನುಗಾರಿಕೆ ಮನೆತನದವರು, ಟೋಕಿಯೋಗೆ ಹೋಗೋ ಮುಂಚೆ ಏಳು ವರ್ಷ ಮನೆಯ ಹೊಲ, ದನದ ಕೆಲಸ ಮಾಡಿದವರು. 'ಫುಲ್‌ಮೆಟಲ್ ಆಲ್ಕೆಮಿಸ್ಟ್'ನಲ್ಲಿ (2001–2010) ಇಜುಮಿ ತನ್ನನ್ನು ಬರೀ ಗೃಹಿಣಿ ಅಂತ ಪರಿಚಯ ಮಾಡಿಕೊಂಡು ಸೈನಿಕರನ್ನ ಬಡಿದು ಹಾಕುತ್ತಾಳೆ. ನಗು ಬರುತ್ತೆ, ಆದರೆ ನಗೆಪಾಟಲಿಗೆ ಈಡಾಗೋಳು ಅವಳಲ್ಲ. ಒಲಿವಿಯರ್ ಹಿಮದ ಕೋಟೆ ಆಳುತ್ತಾಳೆ. "ಹೆಣ್ಣಾಗಿ ಇಲ್ಲಿಗೆ ಹೇಗೆ ಬಂದೆ" ಅನ್ನೋ ಕಣ್ಣೀರಿನ ಕಥೆ ಅವಳಿಗೆ ಬರೆದೇ ಇಲ್ಲ. ಅಷ್ಟಾಗಿ, ಅದೇ ಮನೆಯ ಕಿರಿಮಗಳು ಕ್ಯಾಥರೀನ್ ನಾಜೂಕಾಗಿ ಇದ್ದುಕೊಂಡೇ ಪಿಯಾನೋ ಎತ್ತುತ್ತಾಳೆ! ತೆಳ್ಳನೆ ತೋಳಿನ ತಮಾಷೆ ಅರಕಾವಾಗೂ ಬೇಕಾಗಿತ್ತು.

---

ಹಳೇಪುಟ ಉತ್ತರಿಸಿದ್ದು:

ಎಲ್ಲರೂ ಹುಡುಗರ ಪತ್ರಿಕೆಯ ಮಾಂಗಾಗಳನ್ನೇ ಹೇಳ್ತಿದ್ದೀರಿ. ಹುಡುಗಿಯರ ಮಾಂಗಾದಲ್ಲಿ ಈ ಮಾತು ಇನ್ನೂ ಹಿಂದಿನದು.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನಿನ ಹೆಂಗಸರ ವಾಲಿಬಾಲ್ ತಂಡ ಚಿನ್ನ ಗೆದ್ದಿತು. ಹೆಚ್ಚಿನವರು ಒಂದು ಬಟ್ಟೆ ಗಿರಣಿಯ ತಂಡದವರು. ಕೋಚ್ ಹಿರೋಬುಮಿ ದೈಮತ್ಸು. ಹಗಲು ಕೆಲಸ, ಆಮೇಲೆ ಮಧ್ಯರಾತ್ರಿವರೆಗೆ ಅಭ್ಯಾಸ. ನೆಲಕ್ಕೆ ಬಿದ್ದು ಚೆಂಡು ಎತ್ತಿ, ಉರುಳಿ ತಕ್ಷಣ ಏಳುವ ರೀತಿಯನ್ನು ಅವರು ರೂಢಿಸಿಕೊಂಡಿದ್ದರು. ಆ ಹುಚ್ಚು ಇನ್ನೂ ಇಳಿಯದಿದ್ದಾಗ, 1968ರಲ್ಲಿ ಚಿಕಾಕೋ ಉರಾನೋ 'ಅಟ್ಯಾಕ್ ನಂ. 1' ಶುರು ಮಾಡಿದರು. ಹುಡುಗಿಯರ ಕಣ್ಣಲ್ಲಿ ನಕ್ಷತ್ರ, ಕಾಲು ಉದ್ದುದ್ದ, ರಟ್ಟೆ ಇಲ್ಲವೇ ಇಲ್ಲ. ಆದರೆ ಬೀಳೋದು, ಬೆವರೋದು, ಸುಸ್ತಾಗೋದು, ಮತ್ತೆ ಏಳೋದು ಪುಟ ಪುಟದಲ್ಲೂ ಇದೆ.

ಅದನ್ನು ಸ್ತ್ರೀವಾದ ಅನ್ನೋಕೆ ನನಗೆ ಬಾಯಿ ಬರಲ್ಲ. ಹುಡುಗಿಯರು ತಮ್ಮ ಮೈಯಿಂದ ಏನು ಸಾಧ್ಯ ಅಂತ ಕಂಡುಕೊಳ್ಳುತ್ತಾರೆ ಸರಿ, ಆದರೆ ಮೇಲೆ ನಿಂತು ಚೆಂಡು ಎಸೆದು ಎಸೆದು ಸುಸ್ತು ಮಾಡೋನು ಗಂಡಸು. ಅವನು ಸಾಕು ಅಂದಾಗ ಸಾಕು. ಈ ಥರದ ಕಥೆಗಳಲ್ಲಿ ಹುಡುಗಿಯ ಬಲ ಅವಳದ್ದಾ, ಕೋಚ್‌ನದ್ದಾ ಅನ್ನೋದು ಬಗೆಹರಿಯೋದೇ ಇಲ್ಲ. 'ಯವಾರಾ!'ದಲ್ಲೂ ಅವಳಿಗೆ ಜೂಡೋ ಕಲಿಸುವ ಅಜ್ಜ ಇದ್ದಾನಲ್ಲ, ಭಾರದವಳು ಮೇಡಂ ಅವನನ್ನು ಬಿಟ್ಟೇಬಿಟ್ಟರು.

---

ಅರ್ಧಸಂಪುಟ ಉತ್ತರಿಸಿದ್ದು:

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮಿಯಾಕೆ ಅವರ 110 ಕೆಜಿಯ ವಿಡಿಯೋ ಗೆಳೆಯನಿಗೆ ಕಳಿಸಿದೆ. "ಅದು ಬೇರೆ" ಅಂದ. ಏನು ಬೇರೆ ಅಂತ ಇನ್ನೂ ಹೇಳಿಲ್ಲ.

ಭಾರದವಳು ಮೇಡಂ, ಎರಡು ಪ್ರಶ್ನೆ. ಅಜ್ಜನ ವಿಷಯಕ್ಕೆ ಏನಂತೀರಿ? ಮತ್ತೆ ಜಿಮ್ ಬಗ್ಗೆನೇ ಇರುವ 'ಹೌ ಹೆವಿ ಆರ್ ದ ಡಂಬೆಲ್ಸ್ ಯು ಲಿಫ್ಟ್?' ಓದಬಹುದಾ?

---

ಭಾರದವಳು ಉತ್ತರಿಸಿದ್ದು:

ಅಜ್ಜನನ್ನು ಬೇಕಂತಲೇ ಬಿಟ್ಟೆ, ಅವನನ್ನ ಕಂಡರೆ ನನಗೆ ಆಗಲ್ಲ! ಹಳೇಪುಟ ಅವರು ಹೇಳಿದ್ದು ಸರಿ. ಆದರೆ ಯವಾರಾ ಕೊನೆವರೆಗೂ ಅವನ ಜೊತೆ ಗುದ್ದಾಡುತ್ತಾಳೆ. ಅವಳಿಗೆ ಬೇಕಾಗಿದ್ದು ಮಾಮೂಲಿ ಹುಡುಗಿಯ ಬದುಕು, ಒಳ್ಳೆ ಬಟ್ಟೆ, ಪ್ರೀತಿ ಪ್ರೇಮ. ಅವನಿಗೆ ಬೇಕಾಗಿದ್ದು ಪದಕ. ಇಲ್ಲಿ ಒಂದು ಮಜಾ ಇದೆ. ಬಲಶಾಲಿ ಆಗು ಅಂತ ಒತ್ತಾಯ ಮಾಡುವವನು ಗಂಡಸು, ಬೇಡ ಅನ್ನುವವಳು ಹೆಣ್ಣು. ಆಗ ಯಾರ ಪರ ನಿಲ್ಲೋದು ಸ್ತ್ರೀವಾದ? ನನಗೆ ಅವಳ "ಬೇಡ" ಅನ್ನೋದೇ ಇಷ್ಟ. ನೀವು ಮೊದಲು ಕೇಳಿದ "ರಟ್ಟೆ ತೋರಿಸು ಅನ್ನೋದೂ ಅಪ್ಪಣೆನಾ" ಅನ್ನೋದಕ್ಕೂ ಇದೇ ನನ್ನ ಉತ್ತರ. ಅವಳು ಎತ್ತಲಿ, ಇಲ್ಲಾ ಬಿಡಲಿ. ಕಥೆಗಾರರು ಅವಳನ್ನ ಕೇಳಿದ್ದಾರಾ ಅಂತ ನೋಡಿ. 'ಯವಾರಾ!'ದಲ್ಲಿ ಜೋಡಿ ಅನ್ನೋ ಹೆಸರಿನ ಕೆನಡಾದ ಎದುರಾಳಿ ಬರ್ತಾಳೆ. ದೊಡ್ಡ ಮೈ, ದೊಡ್ಡ ನಗು, ಯವಾರಾಳ ಒಳ್ಳೆ ಗೆಳತಿ. ಅವಳಿಗಾಗಿಯಾದರೂ ಓದಿ.

ಡಂಬೆಲ್ ಓದಿ, ಆದರೆ ಕಣ್ಣು ತೆರೆದು ಓದಿ. 2016ರಲ್ಲಿ ಶುರುವಾದದ್ದು. ಸ್ಕ್ವಾಟ್, ಬೆಂಚ್ ಪ್ರೆಸ್ ಹೇಗೆ ಮಾಡಬೇಕು, ಯಾವ ಸ್ನಾಯುವಿಗೆ ಕೆಲಸ ಅಂತ ಸರಿಯಾಗಿ ಹೇಳಿಕೊಡುತ್ತೆ. ತೂಕ ಇಳಿಸೋಕೆ ಬಂದ ಹಿಬಿಕಿ ಎತ್ತೋದರ ರುಚಿಗೆ ಬೀಳುವುದನ್ನು ಚೆನ್ನಾಗಿ ಬರೆದಿದ್ದಾರೆ. ಆದರೆ ಪ್ರತಿ ವ್ಯಾಯಾಮಕ್ಕೂ ಬೆವರಿದ ಹುಡುಗಿಯ ಯಾವ ಭಾಗ ತೋರಿಸಬೇಕು ಅಂತ ಚಿತ್ರಕಾರರು ಮೊದಲೇ ತೀರ್ಮಾನಿಸಿದ್ದಾರೆ. ಅವಳು ಓದುತ್ತಿರೋದು ಹೈಸ್ಕೂಲು, ನೆನಪಿರಲಿ. ನಾನು ಎರಡು ಸಂಪುಟಕ್ಕೆ ನಿಲ್ಲಿಸಿದೆ.

ಮೂರನೇಸಾಲು, ಮಾಕಿ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಲೀವೈ ಬಗ್ಗೆ ಇಲ್ಲ. ಅವನು ಅಂಗಿ ಬಿಚ್ಚಿದರೆ ಒಳಗೆ ಸ್ನಾಯು ಇರುತ್ತೆ, ಅವನ ತೂಕವೂ 65 ಅಂತ ಕೊಟ್ಟಿದ್ದಾರೆ. ಆ ಎತ್ತರಕ್ಕೆ ಅದು ಗಟ್ಟಿ ಮೈ. ಯೋರ್‌ಗೆ ಯಾರು ಹಾಗೆ ಲೆಕ್ಕ ಹಾಕಿದ್ದಾರೆ?

ಕೊನೆಗೆ ನನ್ನ ಕಡೆಯಿಂದ ಒಂದು ಹೆಸರು. ಮೊಆರೆ ಓಹ್ತಾ ಅವರ 'ತೆಪ್ಪೂ', 2008ರಿಂದ 2015, ಎಂಟೇ ಸಂಪುಟ. ಹೆಂಗಸರ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಥೆ. ನಾಯಕಿ ನಟ್ಸುವೋ ಉದ್ದಕ್ಕೆ ಬೆಳೆದ ಹುಡುಗಿ, ಯಾವ ಆಟ ಆಡಿದರೂ ಸುಲಭವಾಗಿ ಬರುತ್ತೆ, ಅದಕ್ಕೇ ಎಲ್ಲದರ ಮೇಲೂ ಬೇಸರ. ಖುಷಿಯಿಂದ ಬೆವರು ಸುರಿಸಿ ಆಡುವ ಇನ್ನೊಬ್ಬ ಹುಡುಗಿಯನ್ನ ಕಂಡು ಅವಳನ್ನು ಬಡಿದು ಹಾಕಬೇಕು ಅಂತ ಹೊರಡುತ್ತಾಳೆ. ಕಾರಣ ಅಷ್ಟೇ, ಹೊಟ್ಟೆಕಿಚ್ಚು. ಗಂಡು ನಾಯಕರಿಗೆ ಇಂಥ ಕೆಟ್ಟ ಬುದ್ಧಿ ಎಷ್ಟೋ ಸಲ ಕೊಟ್ಟಿದ್ದಾರೆ. ಬಲಶಾಲಿ ಹುಡುಗಿ ಮಾತ್ರ ಯಾವಾಗಲೂ ಯಾರನ್ನೋ ಕಾಪಾಡುತ್ತಲೇ ಇರಬೇಕು. ನಟ್ಸುವೋ ಯಾರನ್ನೂ ಕಾಪಾಡೋಕೆ ಹೊರಟವಳಲ್ಲ. ಮೊದಲ ಸಂಪುಟದಲ್ಲೇ ನೀವು ಅವಳನ್ನ ಬೈಯೋಕೆ ಶುರು ಮಾಡ್ತೀರಿ. ಗೆಳೆಯನಿಗೂ ಕೊಡಿ, ಅವನೂ ಬೈಯಲಿ.